ಹೋದ ವರ್ಷದಲ್ಲೇ ನಿಂತ ಬಿದಿರು

ನಮ್ಮ ಆಫೀಸಿನಲ್ಲಿ ನಾವು ಕಾಲವನ್ನು ನಿಲ್ಲಿಸುತ್ತೇವೆ. ದೊಡ್ಡ ಮಾತು ಅಂತ ನಗಬೇಡಿ. ಎಲ್ಲರ ಕಾಲವನ್ನಲ್ಲ, ಬಿದಿರಿನದು ಮಾತ್ರ. ಅದೂ ನಮ್ಮ ಹನೂರಿನ ಸುತ್ತಮುತ್ತಲ ಬಿದಿರಿನದು. ನನ್ನ ಕಾಲವನ್ನೂ ನಿಲ್ಲಿಸುವಂತಿದ್ದರೆ ತಲೆಗೆ ಬಣ್ಣ ಹಚ್ಚುವ ತಾಪತ್ರಯವಾದರೂ ತಪ್ಪುತ್ತಿತ್ತು.

ವಿಷಯ ಇಷ್ಟೇ. ಬಿದಿರು ಹುಟ್ಟಿದಾಗಿನಿಂದ ವರ್ಷ ಎಣಿಸುತ್ತಿರುತ್ತದೆ. ನಲವತ್ತೈದೋ ಐವತ್ತೋ ವರ್ಷ ಸುಮ್ಮನೆ ಹಸಿರಾಗಿ ನಿಂತಿದ್ದು, ಲೆಕ್ಕ ಮುಗಿದ ವರ್ಷ ಒಂದೇ ಸಲಕ್ಕೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆ. ಅದರ ಗೆಡ್ಡೆಯನ್ನು ಕಿತ್ತು ಎಷ್ಟೇ ದೂರ ಒಯ್ದು ನೆಟ್ಟರೂ ಅಲ್ಲಿಯೂ ಅದೇ ವರ್ಷ ಹೂ ಬಿಡುತ್ತದೆ. ಆ ಎಣಿಕೆ ಗೆಡ್ಡೆಯೊಳಗೆ ಎಲ್ಲಿ ನಡೆಯುತ್ತದೆ ಎನ್ನುವುದು ಕೊನೆಗೂ ಪತ್ತೆಯಾಯಿತು. ಪತ್ತೆಯಾದ ಮೇಲೆ ಅದನ್ನು ಅಳಿಸುವ ಔಷಧಿ ಬರಲು ತಡವಾಗಲಿಲ್ಲ. ಈಗ ಪ್ರತಿ ಮೆಳೆಯ ಬುಡಕ್ಕೂ ಒಂದು ಸಣ್ಣ ಕೊಳವೆ ಇದೆ. ವರ್ಷಕ್ಕೊಮ್ಮೆ ನಮ್ಮ ನಿಯಂತ್ರಣ ಕೊಠಡಿಯಿಂದ ಗುಂಡಿ ಒತ್ತಿದರೆ ಔಷಧಿ ತೊಟ್ಟು ತೊಟ್ಟಾಗಿ ಇಳಿದು ಆ ವರ್ಷದ ಎಣಿಕೆಯನ್ನು ಒರೆಸಿಹಾಕುತ್ತದೆ. ಬಿದಿರಿಗೆ ಪ್ರತಿ ವರ್ಷವೂ ಹೋದ ವರ್ಷವೇ. ಔಷಧಿಗೆ ಕಾಗದದಲ್ಲಿ ಉದ್ದನೆಯ ಹೆಸರಿದೆ. ಜನ ಕರೆಯುವುದು ಮರೆವಿನ ನೀರು ಅಂತ.

ಗುಂಡಿ ಒತ್ತುವವಳು ನಾನು. ಹೆಸರು ಶಿವಮಲ್ಲಿ. ಹುಟ್ಟಿದ್ದು ಹನೂರಿನ ಮೇದರ ಬೀದಿಯಲ್ಲಿ. ನಮ್ಮ ಬೀದಿಯವರು ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆ ಹೆಣೆಯುವವರು. ಪ್ಲಾಸ್ಟಿಕ್ಕಿನ ಚಂದ್ರಿಕೆ ಬಂದು ಹೋಯಿತು, ಯಂತ್ರ ಅಚ್ಚು ಹಾಕಿದ್ದೂ ಬಂದು ಹೋಯಿತು. ಹುಳಗಳಿಗೆ ಮಾತ್ರ ಬಿದಿರೇ ಆಗಬೇಕು. ಅಷ್ಟರಮಟ್ಟಿಗೆ ಅವು ನಮ್ಮ ಬೀದಿಯ ನೆಂಟರು.

ನನ್ನ ಎದುರಿನ ಪರದೆಯ ಮೇಲೆ ಇಡೀ ಸೀಮೆ ಕಾಣುತ್ತದೆ. ಹಿಪ್ಪುನೇರಳೆ ತೋಟ, ಮುಸುಕಿನ ಜೋಳ, ಅರಿಸಿನ, ಮತ್ತೆ ಹಿಪ್ಪುನೇರಳೆ. ಅದರ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ಅವೇ ನಮ್ಮ ಬಿದಿರು ಕಾಡುಗಳು. ಹಿಂದೆ ಎಲ್ಲ ಒಂದೇ ಕಾಡಾಗಿತ್ತಂತೆ. ಉತ್ತು ಉತ್ತು, ಈಗ ಉಳಿದಿರುವುದು ತುಂಡುಗಳು. ಅವುಗಳಲ್ಲಿ ದೊಡ್ಡದು, ನಮ್ಮ ಬೀದಿಗೆ ಹತ್ತಿರದ್ದು, ಆನೆಬಾಯಿ. ನಮ್ಮ ಬೀದಿ ಬದುಕಿರುವುದು ಆನೆಬಾಯಿಯ ಗಳಗಳಿಂದ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಫರ್ಹಾನಾ ಮೇಡಂ ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮೇಡಂ ಕೊಳ್ಳೇಗಾಲದವರು, ಸಸ್ಯವಿಜ್ಞಾನಿ. ನಾವು ಬಿದಿರನ್ನು ನೋಡಿಕೊಂಡರೆ ಅವರು ನೋಡಿಕೊಳ್ಳುವುದು ಬಿದಿರಿನ ಕೆಳಗಿರುವ ಮಿಕ್ಕೆಲ್ಲ ಗಿಡಗಳನ್ನು. ಅದಕ್ಕಾಗಿ ಅವರು ಮಾಡಿಸಿದ ಯಂತ್ರವನ್ನು ನಾವು ಮಣ್ಣಿನ ಕಿವಿ ಅನ್ನುತ್ತೇವೆ. ಮಣ್ಣಿನೊಳಗೆ ಮಲಗಿರುವ ಬೀಜವೂ ತುಸುವೇ ಉಸಿರಾಡುತ್ತದಂತೆ. ಒಂದೊಂದು ಜಾತಿಯ ಉಸಿರು ಒಂದೊಂದು ಥರ. ಕೋಲಿನಂಥ ಆ ಯಂತ್ರವನ್ನು ನೆಲಕ್ಕೆ ಚುಚ್ಚಿದರೆ, ಕೆಳಗೆ ಎಷ್ಟು ಬಗೆಯ ಬೀಜ ಜೀವಂತವಾಗಿವೆ ಎಂದು ಹೇಳುತ್ತದೆ.

"ಆನೆಬಾಯಿಯಲ್ಲಿ ಉಸಿರು ಕಡಿಮೆಯಾಗ್ತಿದೆ ಶಿವಮಲ್ಲಿ" ಎಂದರು.

"ಎಷ್ಟು ಮೇಡಂ?"

"ನಾನು ಬಂದಾಗ ಇದ್ದದ್ದರಲ್ಲಿ ಅರ್ಧ ಕೂಡ ಇಲ್ಲ. ಬಿದಿರು ಸಾಯಬೇಕು, ಬಿಸಿಲು ನೆಲ ಮುಟ್ಟಬೇಕು, ಆಗ ಈ ಬೀಜಗಳು ಏಳೋದು. ನಾವು ಬಿದಿರನ್ನ ಸಾಯೋಕೇ ಬಿಡ್ತಿಲ್ಲ. ಅವು ಕಾದೂ ಕಾದೂ ಒಳಗೇ ಸತ್ತುಹೋಗ್ತಿವೆ. ಕೆಲವಕ್ಕೆ ನನಗೆ ಹೆಸರೂ ಗೊತ್ತಿಲ್ಲ. ಯಾವ ಪುಸ್ತಕದಲ್ಲೂ ಇಲ್ಲ. ಬರೀ ಉಸಿರು ಕೇಳಿದೀನಿ."

ಮೇಡಂ ಕಣ್ಣಲ್ಲಿ ನೀರು ಬಂತು. ವಿಜ್ಞಾನಿಗಳು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಹೆಸರೇ ಇಲ್ಲದ ಗಿಡಕ್ಕಾಗಿ ಯಾರಾದರೂ ಅಳುತ್ತಾರೆಯೇ ಅನ್ನಿಸಿತು. ಆಮೇಲೆ, ಹೆಸರೆತ್ತಲಾಗದ ಒಬ್ಬಳು ನಮ್ಮ ಮನೆಯಲ್ಲೂ ಇದ್ದಾಳೆ ಎಂದು ನೆನಪಾಯಿತು.

ಮೇಡಂ ಕೇಳಿದ್ದು ಒಂದೇ. ಈ ವರ್ಷ ಆನೆಬಾಯಿಗೆ ಮರೆವಿನ ನೀರು ಬಿಡಬಾರದು. ಉಳಿದ ತುಂಡುಗಳಿಗೆ ಬಿಟ್ಟುಕೊಳ್ಳಿ, ಆನೆಬಾಯಿಯೊಂದನ್ನು ಅದರ ಪಾಡಿಗೆ ಬಿಡಿ. ಆದರೆ ಅದು ನನ್ನ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. ಪ್ರತಿ ವರ್ಷ ಮೇದರ ಸಂಘ ಒಪ್ಪಿಗೆ ಕೊಟ್ಟಂತೆ ನಡೆಯಬೇಕು. ಸಂಘದ ಅಧ್ಯಕ್ಷೆ ದುಂಡಮ್ಮ. ದುಂಡಮ್ಮ ಅಂದರೆ ನಮ್ಮವ್ವ.

"ನಿಮ್ಮ ತಾಯಿ ಹತ್ರ ನೀವೇ ಮಾತಾಡಿ" ಎಂದರು ಮೇಡಂ.

"ಆನೆಬಾಯಿಗೆ ಬೇಕಾದರೆ ಹೋಗಿ ಆನೆ ಹತ್ರಾನೇ ಮಾತಾಡ್ತೀನಿ ಮೇಡಂ. ನಮ್ಮವ್ವನ ಹತ್ರ ಬೇಡ" ಎಂದೆ. ಆದರೂ ಹೋದೆ.

ಅವ್ವ ಜಗುಲಿಯ ಮೇಲೆ ಕಾಲು ನೀಡಿ ಚಂದ್ರಿಕೆಯ ಸುರುಳಿ ಸುತ್ತುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕೈ ಮಾತ್ರ ನಿಲ್ಲಲಿಲ್ಲ.

"ಬೀದೀಲಿ ನಲವತ್ತು ಮನೆ ಅವ" ಎಂದಳು. "ಆನೆಬಾಯಿ ಸತ್ರೆ ಮತ್ತೆ ಗಳ ಬರಕ್ಕ ಹತ್ತೊರ್ಸ ಬೇಕು. ಅಲ್ಲೀಗಂಟ ಇವರೆಲ್ಲ ಯಾನ್ ತಿನ್ನಬೇಕು? ನಿಮ್ ಮೇಡಮ್ಮನ ಬೀಜದ ಉಸುರ?"

"ಬೇರೆ ತುಂಡಿಂದ ತರಬಹುದಲ್ಲವ್ವ."

"ದೂರ. ಅಲ್ದೆ ಅಲ್ಲಿ ಗಳ ಚಂದ್ರಿಕೆಗ ಬಗ್ಗಲ್ಲ, ಸಿಡೀತದ. ಸುಮ್ನ ಹೋಗಿ ಮೊಕ ತೊಳ್ಕೋ, ಉಪ್ಪಿಟ್ಟದ."

ಉಪ್ಪಿಟ್ಟು ತಿಂದೆ. ಅವ್ವನ ಮುಂದೆ ಆಡಬಾರದ ಮಾತೊಂದಿದೆ. ಅದು ನನ್ನ ಅಕ್ಕ ಇಂದ್ರಾಣಿಯ ಹೆಸರು.

ನಮ್ಮ ಬೀದಿಯಲ್ಲಿ ಒಂದು ರೂಢಿ ಇದೆ. ಬೇರೆ ಊರಿನ ಮೇದರಲ್ಲಿ ಇದೆಯೋ ಇಲ್ಲವೋ ನಾನು ಕಾಣೆ. ಹೆಣ್ಣುಮಗಳನ್ನು ಮದುವೆ ಮಾಡಿ ಕಳಿಸುವಾಗ ಆನೆಬಾಯಿಯಿಂದ ಒಂದು ಬಿದಿರ ಗೆಡ್ಡೆಯನ್ನು ಮಣ್ಣು ಸಮೇತ ಅಗೆದು, ಗೋಣಿಯಲ್ಲಿ ಕಟ್ಟಿ ಜೊತೆಗೆ ಕೊಡುತ್ತೇವೆ. ಅದಕ್ಕೆ ತವರುಗೆಡ್ಡೆ ಅನ್ನುತ್ತೇವೆ. ಗಂಡನ ಮನೆಯ ಹಿತ್ತಲಲ್ಲಿ ಅವಳು ಅದನ್ನು ನೆಡಬೇಕು. ಬಿದಿರು ಹೂ ಬಿಟ್ಟ ವರ್ಷ ತವರಿನವರು ಕರೆ ಕಳಿಸುತ್ತಾರೆ. ಹೆಣ್ಣುಮಕ್ಕಳು, ಮುದುಕಿಯರಾಗಿದ್ದರೂ ಸರಿ, ತಂತಮ್ಮ ಮೆಳೆಯ ಅಕ್ಕಿಯನ್ನು ಕಟ್ಟಿಕೊಂಡು ಬಂದು ಆನೆಬಾಯಿಯಲ್ಲಿ ಚೆಲ್ಲುತ್ತಾರೆ. ತವರಿನವರು ಆನೆಬಾಯಿಯ ಅಕ್ಕಿಯಿಂದ ಅವರ ಮಡಿಲು ತುಂಬುತ್ತಾರೆ. ಕಳೆದ ಸಲ ಹಾಗಾದಾಗ ಅವ್ವ ಇನ್ನೂ ಲಂಗ ಎಳೆದುಕೊಂಡು ಓಡಾಡುವ ಮಗು. ಸೋದರತ್ತೆಯರು ಗಾಡಿಗಳಲ್ಲಿ ಬಂದಿಳಿದದ್ದನ್ನು ಈಗಲೂ ನಿನ್ನೆ ನಡೆದಂತೆ ಹೇಳುತ್ತಾಳೆ.

ಇಂದ್ರಾಣಿ ಅಕ್ಕ ಯಾರನ್ನೂ ಕೇಳದೆ ಪಿರಿಯಾಪಟ್ಟಣದ ಕಡೆಯ ಗಾರೆ ಕೆಲಸದವನನ್ನು ಮದುವೆಯಾದಳು. ಹೋಗುವ ದಿನ ತಾನೇ ಹಾರೆ ಹಿಡಿದು ಆನೆಬಾಯಿಗೆ ಹೋಗಿ, ತಾನೇ ಗೆಡ್ಡೆ ಅಗೆದುಕೊಂಡಳು. ಕೊಡುವ ಕೈ ಇಲ್ಲದಿದ್ದರೂ ತವರುಗೆಡ್ಡೆ ಬಿಟ್ಟುಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಅವ್ವನಿಗೆ ಅದನ್ನು ನೋಡಿ ಇನ್ನೂ ಮೈಯುರಿಯಿತು. ಬೀದಿಯವರೆಲ್ಲ ಕೇಳುವಂತೆ ಕೂಗಿದಳು: "ಬಿದುರು ಹೂ ಬುಟ್ಟಾಗ ಬಾ! ಅಲ್ಲೀಗಂಟ ನನ್ನ ಹೊಸ್ಲು ತುಳೀಬ್ಯಾಡ!"

ಸಿಟ್ಟಿನ ಮಾತಾದರೂ ಅದು ಹೊರದೂಡುವ ಮಾತಾಗಿರಲಿಲ್ಲ. ಬಿದಿರು ಹೂ ಬಿಡಲು ಆಗ ನಾಲ್ಕೇ ವರ್ಷ ಉಳಿದಿತ್ತು. ನಾಲ್ಕು ವರ್ಷ ಮುನಿಸು, ಆಮೇಲೆ ರೂಢಿಯಂತೆ ಕರೆ, ಮಡಿಲಕ್ಕಿ, ಎಲ್ಲ ಸರಿಹೋಗುವುದು. ಅವ್ವ ಹಾಗೆಯೇ ಎಣಿಸಿದ್ದಳು. ಅಕ್ಕನೂ ಹಾಗೆಯೇ ಎಣಿಸಿರಬೇಕು. ಆ ನಾಲ್ಕನೆಯ ವರ್ಷವೇ ಮರೆವಿನ ನೀರು ಬಂತು. ಅಲ್ಲಿಂದ ಹನ್ನೆರಡು ವರ್ಷ, ಬಿದಿರು ಹೋದ ವರ್ಷದಲ್ಲೇ ನಿಂತಿದೆ. ಅವ್ವ ಮಾತು ತೆಗೆಯಲಿಲ್ಲ, ಅಕ್ಕ ಮಾತು ಮೀರಲಿಲ್ಲ. ಇಬ್ಬರೂ ಒಂದೇ ಅಚ್ಚಿನವರು, ಮಧ್ಯೆ ಒದ್ದಾಡುವವಳು ನಾನು.

ಮರುದಿನ ಅಕ್ಕನಿಗೆ ಫೋನು ಮಾಡಿದೆ. ವರ್ಷಕ್ಕೆ ಒಂದೋ ಎರಡೋ ಸಲ ಮಾತಾಡುತ್ತೇವೆ. ಅವ್ವನ ಹೆಸರೆತ್ತಿದರೆ ಇಟ್ಟುಬಿಡುತ್ತಾಳೆ. ಹಾಗಾಗಿ ಬಿದಿರಿನಿಂದ ಶುರುಮಾಡಿದೆ.

"ಅಕ್ಕ, ನಿನ್ನ ಮೆಳೆ ಹೆಂಗಿದ್ದದು?"

"ಯಾವ ಮೆಳೆ? ಅದು ಯಾವತ್ತೋ ಹೂ ಬುಟ್ಟು ಸತ್ತೋಯ್ತಲ್ಲ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗುಂಡಿ ಒತ್ತುವವಳು ನಾನೇ, ಇಷ್ಟು ತಿಳಿಯಬೇಡವೇ? ಪಿರಿಯಾಪಟ್ಟಣದಲ್ಲಿ ಮರೆವಿನ ನೀರು ಎಲ್ಲಿಂದ ಬರಬೇಕು? ಅಕ್ಕನ ಹಿತ್ತಲಿನ ಗೆಡ್ಡೆ ತನ್ನ ಎಣಿಕೆಯನ್ನು ಸರಿಯಾಗಿ ಮುಗಿಸಿದೆ. ಸರಿಯಾದ ವರ್ಷಕ್ಕೆ ಹೂ ಬಿಟ್ಟಿದೆ.

"ಯಾಕಕ್ಕ ಹೇಳಲಿಲ್ಲ?"

"ಯಾರ್ಗ ಹೇಳನ?" ಎಂದಳು. "ಅಕ್ಕಿಯೆಲ್ಲ ನಾನೇ ಬಾಚಿ ತುಂಬಿ ಮಡಗಿದ್ದಿ ಮಲ್ಲಿ. ಕರೀತಾಳ ಅಂತ. ದಿನಾ ಬಸ್ಸು ಬರೋ ಹೊತ್ಗ ಬಾಗಲಲ್ಲಿ ನಿಂತ್ಕತಿದ್ದಿ. ಆಮ್ಯಾಲ ಟೀವೀಲಿ ತೋರ್ಸುದ್ರು, ಹನೂರಲ್ಲಿ ಬಿದುರು ಹೂ ಬುಡದಂಗ ಮಾಡವ್ರ, ಮೇದರ ಸಂಘದ ದುಂಡಮ್ಮ ಒಪ್ಗೆ ಕೊಟ್ಟವ್ಳ ಅಂತ. ಅವ್ವ ನಗ್ತಾ ನಿಂತಿದ್ಲು ಟೀವೀಲಿ. ಬಿದುರು ಹೂ ಬುಟ್ಟಾಗ ಬಾ ಅಂದವ್ಳು, ತಾನೇ ಹೋಗಿ ಬಿದುರ ನಿಲ್ಲಿಸ್‌ಬುಟ್ಲು. ಬಾಗ್ಲ ಮುಚ್ಚಿ ಚಿಲ್ಕ ಹಾಕ್‌ದಂಗ ಆಯ್ತಲ್ಲ? ಅಕ್ಕಿಗ ಹುಳ ಬಿತ್ತು. ಕೋಳಿಗ ಹಾಕ್ದಿ."

ಅಕ್ಕನೇ ಮಾತು ಬದಲಿಸಿದಳು. ಬಿದಿರು ಸತ್ತ ಮರುವರ್ಷ ಅದರ ಬುಡದಲ್ಲಿ ಏನೇನೋ ಗಿಡಗಳು ಎದ್ದವಂತೆ. ಸುತ್ತ ಹೊಗೆಸೊಪ್ಪಿನ ಹೊಲ, ಎಲ್ಲೂ ಅಂಥವು ಇಲ್ಲವಂತೆ. ಗಂಡ ಕಿತ್ತುಹಾಕಲು ಹೋದಾಗ ಇವಳು ಜಗಳಕ್ಕೆ ನಿಂತಳಂತೆ.

"ಅವು ನಮ್ಮ ಕಡೆಯವು ಅಂತ ನಂಗ ಗೊತ್ತು. ಬ್ಯಾಲಿ ಕಟ್ಟಿ ಮಡಗಿವ್ನಿ" ಎಂದಳು.

ಬೀಜ ಕಳಿಸು ಅಕ್ಕ, ನಿನ್ನ ದಮ್ಮಯ್ಯ ಅಂದೆ. ವಾರದೊಳಗೆ ಕೊರಿಯರಿನಲ್ಲಿ ಒಂದು ಡಬ್ಬಿ ಬಂತು. ಒಳಗೆ ಸಣ್ಣ ಸಣ್ಣ ಪೊಟ್ಟಣಗಳು. ಮೇಡಂ ಅವುಗಳನ್ನು ಪ್ರಯೋಗಾಲಯದ ತಟ್ಟೆಯ ಮಣ್ಣಿನಲ್ಲಿ ಒಂದೊಂದಾಗಿ ಹೂತು ಮಣ್ಣಿನ ಕಿವಿಯನ್ನು ಇಳಿಸಿದರು. ಪರದೆಯ ಮೇಲೆ ಒಂದು ಗೆರೆ ಮೆಲ್ಲಗೆ ಏರಿ ಇಳಿಯಿತು. ಪಕ್ಕದಲ್ಲೇ ಆನೆಬಾಯಿಯ ಹೆಸರಿಲ್ಲದ ಉಸಿರುಗಳ ಗೆರೆಗಳಿದ್ದವು. ಒಂದರ ಮೇಲೊಂದು ಇಟ್ಟು ನೋಡಿದರು. ಎರಡೂ ಒಂದೇ.

"ಅಲ್ಲಾ!" ಎಂದು ಮೇಡಂ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಇದು ಬದುಕಿದೆ ಶಿವಮಲ್ಲಿ. ಎಲೆ ಇದೆ, ಹೂವಿದೆ ಇದಕ್ಕೆ. ನಿಮ್ಮಕ್ಕ ದಿನಾ ನೋಡ್ತಾರೆ!"

ಆಮೇಲೆ ನಮ್ಮ ತವರುಗೆಡ್ಡೆಯ ರೂಢಿಯನ್ನು ಬಿಡಿಸಿ ಬಿಡಿಸಿ ಕೇಳಿದರು. ಗೆಡ್ಡೆಗೆ ಮೆತ್ತಿಕೊಂಡ ಮಣ್ಣಿನಲ್ಲಿ ಆನೆಬಾಯಿಯ ಬೀಜಗಳು ಮಲಗಿಕೊಂಡೇ ಹೋಗಿವೆ. ಹೆಣ್ಣುಮಕ್ಕಳು ಅಕ್ಕಿ ಕಟ್ಟಿಕೊಂಡು ವಾಪಸು ಬರುವಾಗ, ಆ ಗಂಟಿನ ಕಸಕಡ್ಡಿಯಲ್ಲಿ ಬೇರೆ ಬೇರೆ ಊರಿನ ಬೀಜಗಳು ಇಲ್ಲಿಗೆ ಬಂದಿವೆ. ಕಾಡು ತುಂಡು ತುಂಡಾದ ಮೇಲೂ ಗಿಡಗಳಿಗೆ ಒಂದು ದಾರಿ ಇತ್ತು, ಆ ದಾರಿ ನಮ್ಮ ಬೀದಿಯ ಹೆಣ್ಣುಮಕ್ಕಳಾಗಿದ್ದರು. ಬಿದಿರಿನ ಕಾಲ ನಿಲ್ಲಿಸಿದಾಗ ಕರೆ ನಿಂತಿತು, ಕರೆ ನಿಂತಾಗ ಆ ದಾರಿಯೂ ಮುಚ್ಚಿತು. ಮೇಡಂ ಇದನ್ನು ಬಹಳ ಸಂತೋಷದಿಂದ ಹೇಳಿದರು. ನನಗೆ ನೆನಪಾದದ್ದು ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತ ಅಕ್ಕ.

ಆ ಸಂಜೆ ಅವ್ವನ ಎದುರು ಕೂತು ಅಕ್ಕ ಹೇಳಿದ್ದನ್ನೆಲ್ಲ, ಕೋಳಿಗೆ ಅಕ್ಕಿ ಹಾಕಿದ್ದರವರೆಗೆ, ಒಂದಕ್ಷರ ಬಿಡದೆ ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೇಳಿದೆ. ಅವ್ವನ ಕೈ ನಿಂತಿತು.

"ಅವ್ಳು ಹಂಗ ತಿಳ್ಕಂಡಿರ್ತಾಳ ಅಂತ ನಂಗ ಗೊತ್ತಿತ್ತು" ಎಂದಳು.

"ಗೊತ್ತಿದ್ದೂ ಸಹಿ ಹಾಕಿದ್ಯಾ?"

"ನಿಮ್ ಆಫೀಸ್ನವ್ರು ಎರಡೇ ವರ್ಸ ಅಂದ್ರು ಕನ ಕೂಸೇ. ಎರಡು ವರ್ಸ ತಡ ಆದ್ರ ಆಗ್ಲಿ, ಬೀದಿ ಉಳ್ಕತದ ಅಂದ್ಕಂಡಿ. ಆಮ್ಯಾಲ ಪ್ರತಿ ವರ್ಸ ಬಂದು ಕೇಳರು. ಒಂದ್ ಕಡೆ ಬೀದಿ ಹೊಟ್ಟ, ಒಂದ್ ಕಡೆ ನನ್ ಮಗಳು. ಪ್ರತಿ ವರ್ಸ ಬೀದಿ ಕಡೇಕೆ ಕೈ ಎತ್ತಿವ್ನಿ. ಪ್ರತಿ ವರ್ಸ ಮನೇಗ್ ಬಂದು..." ಸೆರಗಿನಿಂದ ಮುಖ ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ಅಪ್ಪ ತೀರಿಕೊಂಡಾಗಲೂ ಸರಿಯಾಗಿ ಕಂಡವಳಲ್ಲ.

"ನಾಳೇನೇ ಬಸ್ ಹತ್ತಿ ಹೋಗಿ ಕರ್ಕೊಂಡು ಬರೋಣ ಬಾರವ್ವ" ಎಂದೆ.

"ಯಾವ ಮೊಕ ಇಟ್ಕಂಡು ಹೋಗನ? ಮಡ್ಲಿಗ ಯಾನ ತುಂಬನ? ಅಂಗಡಿ ಅಕ್ಕೀಯ?"

ಸಂಘದ ಸಭೆಯಲ್ಲಿ ಅವ್ವ ಎದ್ದು ನಿಂತು, ಈ ಸಲ ಆನೆಬಾಯಿಗೆ ನೀರು ಬೇಡ ಎಂದಾಗ ಗದ್ದಲವಾಯಿತು. ಕೆಂಡಗಣ್ಣ ಮಾವ, ನಮ್ಮ ಪಕ್ಕದ ಮನೆಯವನು, ಅವ್ವನ ಜೊತೆಗೇ ಹೆಣೆಯುತ್ತ ಬೆಳೆದವನು, ಎಲ್ಲರಿಗಿಂತ ಮೊದಲು ಕೂಗಿದ. "ಅಲ್ಲ ಕನ ದುಂಡಿ, ಹನ್ನೆರಡು ವರ್ಸ ಹೂ ಬ್ಯಾಡ ಹೂ ಬ್ಯಾಡ ಅಂದವ್ಳು ನೀನೇ. ಈಗ ನಾವು ಯಾನ ಮಣ್ಣ ಹೆಣೀಬೇಕ?"

"ದೂರದ ತುಂಡ್‌ನಿಂದ ಗಳ ತರಸದು. ಬಗ್ಗಂಗ ಹದ ಮಾಡದ ನಾನು ಹೇಳ್ಕೊಡ್ತಿನಿ" ಎಂದಳು ಅವ್ವ. "ಅಲ್ಲಿ ಗಳ ಎಲ್ಲಾರ್ಗೂ ಸಾಲಲ್ಲ, ನಂಗೂ ಗೊತ್ತು. ನಮ್ ಮನೆ ಪಾಲು ಬುಟ್ಟಿವ್ನಿ. ನಾನಿನ್ನು ಹೆಣ್ಯಲ್ಲ."

ಸಭೆ ತಣ್ಣಗಾಯಿತು. ಅವ್ವ ಹೆಣೆಯದೆ ಇರುವುದನ್ನು ಆ ಬೀದಿಯಲ್ಲಿ ಯಾರೂ ನೆನೆಸಿಯೂ ಇರಲಿಲ್ಲ. ಕೆಂಡಗಣ್ಣ ಮಾವ ಅವಳ ಮುಖವನ್ನೇ ನೋಡಿ, "ಮಗಳ್ಗಾ?" ಎಂದು ಮೆಲ್ಲಗೆ ಕೇಳಿದ.

"ಹೂಂ. ಮಗಳ್ಗೇ" ಎಂದಳು.

ಬೀದಿಯಲ್ಲಿ ಮಗಳನ್ನು ದೂರ ಕೊಟ್ಟು ಕರೆ ಕಳಿಸಲಾಗದೆ ಕೂತವರು ಅವ್ವ ಒಬ್ಬಳೇ ಆಗಿರಲಿಲ್ಲ. ಒಂದೊಂದೇ ಕೈ ಮೇಲೆ ಬಂತು. ಕೊನೆಗೆ ಮಾವನದೂ ಬಂತು, ಗೊಣಗಿಕೊಂಡೇ ಬಂತು.

ನೀರು ಬಿಡುವ ದಿನ ಅವ್ವ ಆಫೀಸಿಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಬಂದು, ಪರದೆಯ ಮುಂದೆ ಕೈಕಟ್ಟಿ ನಿಂತಳು. ಆನೆಬಾಯಿಯ ಕವಾಟವನ್ನು ಮುಚ್ಚುವ ಗುಂಡಿ ಯಾವುದೆಂದು ತೋರಿಸಿದೆ. "ಇಷ್ಟೇಯಾ?" ಎಂದಳು. ಒತ್ತಿದಳು. ಹಸಿರು ಚುಕ್ಕೆ ಹಳದಿಯಾಯಿತು. ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದವಳು, "ಇಷ್ಟು ಸಲೀಸಾ ಇದು" ಎಂದು ಇನ್ನೊಮ್ಮೆ ಹೇಳಿ ಹೊರಟುಹೋದಳು.

ಸಂಕ್ರಾಂತಿ ಕಳೆಯುತ್ತಲೇ ಆನೆಬಾಯಿ ಹೂ ಬಿಟ್ಟಿತು. ತಡೆಹಿಡಿದ ಅಷ್ಟು ವರ್ಷದ್ದನ್ನೂ ಒಟ್ಟಿಗೆ ಬಿಟ್ಟಿತೋ ಏನೋ, ಎಲೆಯೇ ಕಾಣದಷ್ಟು ಹೂ. ಶಿವರಾತ್ರಿಯ ಹೊತ್ತಿಗೆ ಅಕ್ಕಿ ಉದುರತೊಡಗಿತು. ಬೀದಿಗೆ ಬೀದಿಯೇ ಚಾಪೆ ಹಾಸಿಕೊಂಡು ಕಾಡಿನಲ್ಲಿ ಕೂತಿತು. ಎಲೆ ಉದುರಿ, ಗಳಗಳು ಬಿಳಿಚಿಕೊಂಡು, ಅಷ್ಟು ವರ್ಷ ಬಿಸಿಲು ಕಾಣದ ನೆಲಕ್ಕೆ ಬಿಸಿಲು ಬಿತ್ತು. ಯುಗಾದಿಯ ಮುಂಚೆ ಒಂದು ಮಳೆಯೂ ಆಯಿತು. ಮರುದಿನ ಮೇಡಂ ಕಾಡಿನಿಂದಲೇ ಫೋನು ಮಾಡಿ ಯಂತ್ರದ ಸದ್ದನ್ನು ನನಗೆ ಕೇಳಿಸಿದರು. ಅಲ್ಲಿ ಬೀಜಗಳ ಉಸಿರು ಜೋರಾಗಿತ್ತು. ಎಲ್ಲವೂ ಎಚ್ಚರಗೊಳ್ಳಲಿಲ್ಲ. ಕೆಲವು ಹೆಸರಿಲ್ಲದ ಉಸಿರುಗಳು ನಾವು ನೀರು ನಿಲ್ಲಿಸುವಷ್ಟರಲ್ಲಿ ನಿಂತೇ ಹೋಗಿದ್ದವು. ಅವು ಯಾವ ಗಿಡಗಳಾಗಿದ್ದವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಬೀದಿಯ ಮನೆಗಳಿಂದ ಕರೆಗಳು ಹೋದವು. ಕೆಲವರು ಫೋನಿನಲ್ಲಿ ಕರೆದರು, ಕೆಲವರು ಆಳು ಕಳಿಸಿದರು. ಅವ್ವ ಮಾತ್ರ ಹೇಳಿದಳು, "ನಾನು ಬ್ಯಾಡ ಅಂದದ್ದು ಬಾಯಲ್ಲಿ. ಬಾ ಅನ್ನಕ್ಕ ಕಾಲಲ್ಲೇ ಹೋಗ್ಬೇಕು." ಚೀಲದ ತುಂಬ ಬಿದಿರಕ್ಕಿ ತುಂಬಿಕೊಂಡಳು. ನಾನು ಹೊರುತ್ತೇನೆಂದರೆ ಮುಟ್ಟಲೂ ಬಿಡಲಿಲ್ಲ.

ಚಾಲಕನಿಲ್ಲದ ಬಸ್ಸಿನಲ್ಲಿ ಅವ್ವ ಕೂತದ್ದು ಅದೇ ಮೊದಲು. ಮೈಸೂರು ದಾಟುವವರೆಗೆ ಮುಂದಿನ ಖಾಲಿ ಸೀಟನ್ನೇ ನೋಡುತ್ತಿದ್ದಳು. ಆಮೇಲೆ ಏನನ್ನೂ ನೋಡಲಿಲ್ಲ. ಏನವ್ವ ಯೋಚನೆ ಎಂದು ಕೇಳಿದ್ದಕ್ಕೆ, "ಅವ್ಳ ದನಿ ಹೆಂಗಿತ್ತು ಅಂತ ನೆಪ್ಪು ಮಾಡ್ಕತಿವ್ನಿ" ಎಂದಳು.

ಅಕ್ಕನ ಮನೆಯ ಬೇಲಿಯ ಬಳಿ ಹದಿಮೂರರ ಆಸುಪಾಸಿನ ಹುಡುಗಿಯೊಬ್ಬಳು ಸೈಕಲ್ ಒರೆಸುತ್ತಿದ್ದಳು. ಹುಬ್ಬು ನಮ್ಮವ್ವನದೇ. ಅವಳು ತಲೆಯೆತ್ತಿ, "ಯಾರ್ ಬೇಕಿತ್ತು ಅಜ್ಜಿ?" ಎಂದಳು.

ಸಭೆಗೆ ಸಭೆಯ ಬಾಯನ್ನೇ ಮುಚ್ಚಿಸುವ ದುಂಡಮ್ಮ ಆ ಹುಬ್ಬನ್ನೇ ನೋಡುತ್ತ ಚೀಲದ ಬಾಯಿ ಬಿಗಿಮಾಡಿಕೊಂಡಳು. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದ ಅಕ್ಕ ಮಗಳ ದನಿ ಕೇಳಿ ತಿರುಗಿದಳು. ಕೂದಲು ನೆರೆತಿತ್ತು. ಕೈಯಲ್ಲಿ ಕೊಳವೆ ಹಾಗೇ ಸುರಿಯುತ್ತಿತ್ತು.

"ಆನೆಬಾಯಿ ಹೂ ಬುಡ್ತು" ಎಂದಳು ಅವ್ವ, ಬೇಲಿಯಾಚೆಯಿಂದಲೇ.

"ನಂದು ಆವತ್ತೇ ಬುಟ್ಟಿತ್ತು."

"ಗೊತ್ತಾಯ್ತು."

ಅಕ್ಕ ಕೊಳವೆ ಕೆಳಗಿಟ್ಟು ಬಂದಳು. ಅವಳ ಬೆನ್ನ ಹಿಂದೆ ಹಿತ್ತಲಲ್ಲಿ, ಉದುರಿದ ಅಕ್ಕಿಯಿಂದ ತಾನಾಗಿ ಎದ್ದ ಹೊಸ ಮೆಳೆ ಮನೆಯೆತ್ತರ ಬೆಳೆದಿತ್ತು. ಅವಳು ನನ್ನ ಕಡೆ ನೋಡಿ ಕೇಳಿದಳು. "ಇದು ಹನ್ನೆರಡು ವರ್ಸದ್ದು. ನಿಮ್ದು ಈಗ ಹುಟ್ಟಬೇಕು. ಇನ್ನು ಎರಡೂ ಒಟ್ಗ ಹೂ ಬುಡಲ್ಲ, ಅಲ್ವ ಮಲ್ಲಿ?"

ಸುಳ್ಳು ಹೇಳಬೇಕೆನ್ನಿಸಿತು. ಆಗಲಿಲ್ಲ. "ಇಲ್ಲಕ್ಕ. ಇನ್ನು ಯಾವತ್ತೂ ಬಿಡಲ್ಲ" ಎಂದೆ.

"ಬುಡದಿದ್ರ ಬ್ಯಾಡ" ಎಂದಳು ಅವ್ವ. "ಬಿದುರು ಅದರ ಪಾಡ್ಗ ಅದು ಬುಟ್ಕಳ್ಲಿ. ನೀನು ನಿಂಗ ಮನಸಾದಾಗ ಬಾ. ಬಿದುರ ಕೇಳಬ್ಯಾಡ."

"ಈ ಮಾತ ಆವತ್ತೇ ಆಡಕ್ಕ ಯಾನಾಗಿತ್ತವ್ವ ನಿಂಗ?" ಅಕ್ಕನ ದನಿ ಒಡೆಯಿತು. "ಹದಿನಾರು ವರ್ಸ! ನನ್ ಮಗಳು ನಿನ್ನ ಯಾರು ಅಂತ ಕೇಳ್ತಾ ಅವ್ಳಲ್ಲ!"

ಅವ್ವ ಚೀಲ ಹಿಡಿದು ತಲೆ ತಗ್ಗಿಸಿ ನಿಂತೇ ಇದ್ದಳು. ಅಕ್ಕ ಬೇಲಿಯ ಬಾಗಿಲು ತೆಗೆದು, ಹತ್ತಿರ ಬಂದು, ಆ ಚೀಲವನ್ನು ಕಿತ್ತುಕೊಂಡಳು. ಭಾರಕ್ಕೆ ಅವಳ ಕೈಯೇ ಕೆಳಗೆ ಜಗ್ಗಿತು.

"ಇಷ್ಟೊಂದ ಹೊತ್ಕಂಡು ಬಂದಿದ್ದಯಲ್ಲವ್ವ" ಎಂದಳು. "ಬಸ್ಸಲ್ಲಿ ಕೂರಕ್ಕಾದ್ರು ಜಾಗ ಸಿಕ್ತ?"